ಹಿಂದಿನ ಸಾಲಿನ ಪೊಟ್ಟಣ

ಸಭೆಗೆ ನಮಸ್ಕಾರ. ಗ್ರಂಥಾಲಯದವರು ನನಗೆ ಅರ್ಧ ಗಂಟೆ ಎಂದಿದ್ದರು. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಮತ್ತೆ ಇಬ್ಬರ ಶುಭಾಶಂಸನೆ ಮುಗಿದು ಮೈಕು ನನ್ನ ಕೈಗೆ ಬರುವಾಗ 15 ನಿಮಿಷ ಉಳಿದಿದೆ. ಬೇಜಾರಿಲ್ಲ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ 31 ವರ್ಷ ದಿನಸಿ ಅಂಗಡಿ ಇಟ್ಟವ ನಾನು. ತೂಕ ಕಡಿಮೆ ಎಂದು ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಇವತ್ತು ಬೇರೆಯವರು ತೂಕ ಕಡಿಮೆ ಮಾಡಿದ್ದು ನೋಡಿ ಸ್ವಲ್ಪ ಸಮಾಧಾನವೇ ಆಯಿತು.

ಇವತ್ತು ಡಿಸೆಂಬರ್ 24, ರಾಷ್ಟ್ರೀಯ ಗ್ರಾಹಕ ದಿನ. 1986ರಲ್ಲಿ ಇದೇ ದಿನ ಗ್ರಾಹಕ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು. ಆ ಚರಿತ್ರೆಯನ್ನು ಮಾಷ್ಟ್ರು ಈಗಷ್ಟೇ ಹೇಳಿದರು, ನಾನು ಪುನಃ ಹೇಳುವುದಿಲ್ಲ. ಆನ್‌ಲೈನಿನಲ್ಲಿ ಮನೆಗೆ ಬರುವ ಡೇಟ್ ಮುಗಿದ ಮಾಲಿನ ಬಗ್ಗೆ ಚೀಟಿಯಲ್ಲಿ ಆರು ಅಂಶ ಬರೆದು ತಂದಿದ್ದೇನೆ. ಎಷ್ಟು ಮುಟ್ಟುತ್ತದೋ ನೋಡೋಣ.

ಅಂಗಡಿಯ ಒಂದು ಗುಟ್ಟಿನಿಂದ ಶುರು ಮಾಡುತ್ತೇನೆ. ಅಂಗಡಿ ಮುಚ್ಚಿ ಆಗಿದೆ, ಇನ್ನು ಹೆದರಿಕೆ ಇಲ್ಲ. ಯಾವ ಅಂಗಡಿಯವನೂ ಹೊಸ ಮಾಲನ್ನು ಮುಂದೆ ಇಡುವುದಿಲ್ಲ. ಹಳತು ಮುಂದೆ, ಹೊಸತು ಹಿಂದೆ. ಹಳತು ಮೊದಲು ಹೋಗಲಿ ಎಂದು. ಡೇಟ್ ಇರುವಷ್ಟು ದಿನ ಇದರಲ್ಲಿ ಮೋಸ ಏನಿಲ್ಲ.

ನನ್ನಲ್ಲಿಗೆ ನೀರ್ಚಾಲು ಕಡೆಯ ಒಬ್ಬರು ಅಕ್ಕ ಬರುತ್ತಿದ್ದರು. ಪೊಟ್ಟಣದ ಮೇಲಿನ ಇಂಗ್ಲಿಷ್ ಅವರಿಗೆ ಓದಲು ಬಾರದು. ಆದರೆ ರವೆ ಬೇಕಾಗಲಿ, ಚಹಾ ಪುಡಿ ಬೇಕಾಗಲಿ, ಸೀದಾ ಒಳಗೆ ಬಂದು ಶೆಲ್ಫಿನೊಳಗೆ ಮೊಣಕೈವರೆಗೆ ಕೈ ಹಾಕಿ ಕೊನೆಯ ಸಾಲಿನ ಪೊಟ್ಟಣವನ್ನೇ ಎಳೆಯುತ್ತಿದ್ದರು. ಮುಂದಿನ ನಾಲ್ಕು ಉರುಳಿ ನೆಲಕ್ಕೆ. "ಅಕ್ಕಾ, ಮುಂದಿನದ್ದೂ ಅದುವೇ ಅಲ್ವಾ?" ಎಂದರೆ, "ಅದುವೇ ಆದರೆ ಹಿಂದಿನದ್ದು ಕೊಟ್ಟರೆ ನಿನಗೆಂತ ನಷ್ಟ?" ಎನ್ನುತ್ತಿದ್ದರು. ನನಗೆ ಇದಕ್ಕೆ 31 ವರ್ಷದಲ್ಲಿ ಉತ್ತರ ಸಿಗಲಿಲ್ಲ.

ಆನ್‌ಲೈನಿನಲ್ಲಿ ನಾವು ಕಳೆದುಕೊಂಡದ್ದು ಆ ಅಕ್ಕನ ಕೈಯನ್ನು. ಫೋನಿನಲ್ಲಿ ಕಾಣುವುದು ಪೊಟ್ಟಣದ ಫೋಟೋ. ಅದು ಯಾವತ್ತೂ ಹೊಸತೇ. ಫೋಟೋದ ಡೇಟ್ ಮುಗಿಯುವುದಿಲ್ಲ, ಅಂಗಡಿಯ ಭಾಷೆಯಲ್ಲಿ ಡೇಟ್ ಬಾರ್ ಆಗುವುದಿಲ್ಲ. ಹಾಗಾಗಿ ನಾನು ಎಲ್ಲಿ ಹೋದರೂ ಹೇಳುವುದು ಒಂದೇ ಮಾತು: ದುಡ್ಡು ಹೋಗುವ ಮೊದಲು ಡೇಟ್ ಕಾಣಬೇಕು. ಮನೆಯಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿ ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ.

ಈಗ ನನ್ನದೇ ಮರ್ಯಾದೆ ಹೋದ ಕಥೆ. ಕಳೆದ ಆಟಿ ತಿಂಗಳು. ಜಡಿಮಳೆ, ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ನನಗೆ ಸಕ್ಕರೆ ಸ್ವಲ್ಪ ಜಾಸ್ತಿ ಬಂದಿತ್ತು. ಬೆಂಗಳೂರಿನಲ್ಲಿರುವ ಮಗ ಅಲ್ಲಿಂದಲೇ ಫೋನಿನಲ್ಲಿ ಒತ್ತಿ ಓಟ್ಸ್ ಕಳಿಸಿದ. ಆಪ್ ಯಾವುದು ಎಂದು ಕೇಳಬೇಡಿ, ಹೇಳುವುದಿಲ್ಲ. ತರುವ ಹುಡುಗ ನಮ್ಮ ಗುಡ್ಡೆ ಹತ್ತುವವನಲ್ಲ. ಕೆಳಗೆ ಆಟೋ ಸ್ಟ್ಯಾಂಡಿನಲ್ಲಿ ಬಿಟ್ಟು ಮಲಯಾಳದಲ್ಲಿ ಫೋನು ಮಾಡಿದ. ಆಟೋದವರ ಕೈಯಲ್ಲಿ ಡಬ್ಬ ಸಂಜೆ ಮನೆಗೆ ಬಂತು. ನಮ್ಮ ಮನೆಯವರು ಅದನ್ನು ಬೇಯಿಸಿ ಬಟ್ಟಲಲ್ಲಿ ಹಾಕಿ ಕೊಟ್ಟರು. ಕೊಡುವಾಗ, "ದನಕ್ಕೆ ಇಡುವ ಅಕ್ಕಚ್ಚು ಇದಕ್ಕಿಂತ ಪರಿಮಳ" ಎಂದರು. ಆ ಮಾತನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ. ನಾಲ್ಕು ದಿನ ತಿಂದೆ. ಸ್ವಲ್ಪ ಕಮಟು ವಾಸನೆ ಇತ್ತು. ಆರೋಗ್ಯದ ತಿಂಡಿ ಎಂದರೆ ಹೀಗೇ ಇರುತ್ತದೇನೋ ಅಂದುಕೊಂಡೆ.

ಐದನೇ ದಿನ ಅವರು ಅದನ್ನು ಭರಣಿಗೆ ಸುರಿಯಲು ಹೊರಟರು. ಪೊಟ್ಟಣದ ಮೂಲೆಯನ್ನು ಬೆಳಕಿಗೆ ಹಿಡಿದು, "ಇಲ್ಲಿ ಏಪ್ರಿಲ್ ಅಂತ ಉಂಟಲ್ಲ, ಈಗ ಯಾವ ತಿಂಗಳು?" ಎಂದು ಕೇಳಿದರು. ಅಷ್ಟೇ. ಸಾವಿರಾರು ಪೊಟ್ಟಣ ತಿರುಗಿಸಿ ನೋಡಿದವ ನಾನು. ಲೈನಿಗೆ, ಅಂದರೆ ಅಂಗಡಿಗಳ ಸುತ್ತಿಗೆ, ಬರುವ ಸೇಲ್ಸ್‌ಮನ್‌ಗಳ ಹತ್ತಿರ ಡೇಟಿನ ವಿಷಯಕ್ಕೆ ಜಗಳ ಮಾಡಿದವ. ನನ್ನ ಬಾಯಿಗೆ ಹೋಗುವುದನ್ನು ಮಾತ್ರ ನೋಡಲಿಲ್ಲ. ಯಾಕೆ? ಮಗ ಕಳಿಸಿದ್ದು ಅಲ್ವಾ? ಅದಕ್ಕೆ ಡೇಟ್ ನೋಡುತ್ತಾರಾ ಯಾರಾದರೂ? ಇಲ್ಲಿ ಕುಳಿತವರಲ್ಲಿ ಅರ್ಧ ಮಂದಿಯ ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ. ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ.

ನನಗೆ ಏನೂ ಆಗಲಿಲ್ಲ ಬಿಡಿ. ಡೇಟ್ ಮುಗಿದ ಮರುದಿನವೇ ಎಲ್ಲವೂ ವಿಷ ಆಗುವುದಿಲ್ಲ. ಎಣ್ಣೆಯ ಅಂಶ ಇರುವ ವಸ್ತು ಕಮಟುತ್ತದೆ, ಮಸಾಲೆ ಪುಡಿ ಪರಿಮಳ ಬಿಡುತ್ತದೆ, ರವೆಯಲ್ಲಿ ಗುಗ್ಗುರು ಹುಳ ಸಂಸಾರ ಹೂಡುತ್ತದೆ. ಹಾಲು, ಮೊಸರು, ಮೀನು, ಮಾಂಸ, ಮಕ್ಕಳ ಆಹಾರದ ಮಾತು ಬೇರೆ, ಅಲ್ಲಿ ಒಂದು ದಿನವೂ ಚೌಕಾಸಿ ಬೇಡ. ನಮ್ಮ ಮನೆಯ ಮಿಡಿ ಉಪ್ಪಿನಕಾಯಿಗೆ ಡೇಟ್ ಎಲ್ಲಿದೆ ಎಂದು ಯಾರೋ ಹಿಂದಿನಿಂದ ಕೇಳುತ್ತಿದ್ದಾರೆ. ಸರಿ, ಅದಕ್ಕೆ ಅಜ್ಜಿಯ ಕೈಯೇ ಡೇಟ್. ಆದರೆ ಅಜ್ಜಿ ಅದನ್ನು ಮಾರಲಿಲ್ಲವಲ್ಲ.

ಕಥೆ ಮುಗಿಯಲಿಲ್ಲ. ಮಗ ಆಪಿನಲ್ಲಿ ದೂರು ಬರೆದ. ಅಲ್ಲಿ ಉತ್ತರ ಕೊಡುವುದು ಮನುಷ್ಯರಲ್ಲ. "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಎಂದಿತು ಯಂತ್ರ. ನನ್ನ ಬೇಸರ ನಮ್ಮ ಮನೆಯವರಿಗೇ ಅರ್ಥವಾಗುವುದಿಲ್ಲ! ಆಮೇಲೆ, ತೆರೆದ ಪೊಟ್ಟಣ ವಾಪಸು ಇಲ್ಲ ಎಂದಿತು. ತೆರೆಯದೆ ತಿನ್ನುವುದು ಹೇಗೆ? ಫೋಟೋ ಕಳಿಸಿದೆವು, ಮತ್ತೊಂದು ಕಳಿಸಿದೆವು. ಮೂರನೇ ದಿನ 189 ರೂಪಾಯಿ ವಾಪಸು ಬಂತು. ಎಲ್ಲಿಗೆ? ಬೆಂಗಳೂರಿಗೆ, ಮಗನ ವಾಲೆಟ್ಟಿಗೆ. ಓಟ್ಸ್ ತಿಂದದ್ದು ಬದಿಯಡ್ಕದಲ್ಲಿ ನಾನು. ಆ ದುಡ್ಡಿನಲ್ಲಿ ಐಸ್‌ಕ್ರೀಮ್ ತಿಂದದ್ದು ಅಲ್ಲಿ ಮೊಮ್ಮಗಳು.

ಇಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ದುಡ್ಡು ಬಂತು, ಮುಗಿಯಿತು. ನನ್ನ ಅಂಗಡಿಯ ತಲೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. ನನ್ನಲ್ಲಿ ಒಂದು ಪೊಟ್ಟಣ ಡೇಟ್ ಬಾರ್ ಸಿಕ್ಕಿದರೆ ಅದೊಂದೇ ಇರುತ್ತಿರಲಿಲ್ಲ. ಆ ಪೆಟ್ಟಿಗೆ ಪೂರಾ ಹಾಗೆಯೇ. ಎಲ್ಲವನ್ನೂ ಇಳಿಸಿ, ಡ್ಯಾಮೇಜಿನ ಡಬ್ಬಕ್ಕೆ ಹಾಕಿ, ಮುಂದಿನ ಲೈನಿಗೆ ವಾಪಸು ಕೊಟ್ಟು ಬಿಲ್ಲಿನಲ್ಲಿ ಕಳೆಯುತ್ತಿದ್ದೆವು. ಹಾಗಾದರೆ ನನ್ನ ಓಟ್ಸಿನ ಅಣ್ಣ ತಮ್ಮಂದಿರು ಎಲ್ಲಿ ಹೋದರು? ಆಪಿನ ದೂರು ನೋಡುವ ಅಧಿಕಾರಿಗೆ ಮಗನ ಕೈಯಲ್ಲಿ ಬ್ಯಾಚ್ ನಂಬರು ಹಾಕಿಸಿ ಬರೆಸಿದೆ. ಒಂದೇ ಪ್ರಶ್ನೆ: ಈ ಬ್ಯಾಚಿನ ಉಳಿದದ್ದನ್ನು ಏನು ಮಾಡಿದಿರಿ? 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸಿಕ್ಕಿದೆ ಎನ್ನಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಸಿಕ್ಕಿದೆ ಎಂದು ಬೇಗ ಹೇಳಿದರು. ಇತ್ಯರ್ಥ ಏನು ಗೊತ್ತಾ? "ನಿಮ್ಮ ಹಣ ಹಿಂದಿರುಗಿಸಲಾಗಿದೆ, ದೂರು ಮುಕ್ತಾಯ." ನಾನು ಹಣ ಕೇಳಲೇ ಇಲ್ಲ, ಮಾರಾಯರೇ.

ಇದು ಹೇಗೆ ಆಗುತ್ತದೆ? ಮಂಗಳೂರಿನ ಒಂದು ಗೋದಾಮಿನಲ್ಲಿ ಕೆಲಸ ಮಾಡಿದ ನಮ್ಮ ಕಡೆಯ ಹುಡುಗ ನನಗೆ ವಿವರಿಸಿದ. ಅಲ್ಲಿಯೂ ಕ್ರಮ ಉಂಟು: ಡೇಟ್ ಮೊದಲು ಮುಗಿಯುವುದು ಮೊದಲು ಹೊರಗೆ. ಆದರೆ ಒಂದೇ ಗೂಡಿನಲ್ಲಿ ಎರಡು ಬ್ಯಾಚ್ ಸೇರುತ್ತದೆ. ಕಂಪ್ಯೂಟರಿನಲ್ಲಿ ಇರುವುದು ಹೊಸತರ ಡೇಟ್, ಕೈಗೆ ಸಿಗುವುದು ಹಳತು. ಗ್ರಾಹಕರು ಬೇಡವೆಂದು ವಾಪಸು ಕಳಿಸಿದ್ದು ತಿರುಗಿ ಅದೇ ಗೂಡಿಗೆ ಬರುತ್ತದೆ. ಹೆಕ್ಕುವ ಹುಡುಗನಿಗೆ ನಿಮಿಷದ ಲೆಕ್ಕ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಮಸುಕು ಶಾಯಿಯ ಡೇಟನ್ನು ಅವನು ಓದುತ್ತಾ ನಿಂತರೆ ಕೆಲಸ ಹೋಗುತ್ತದೆ. ಆ ಹುಡುಗನನ್ನು ಬೈಯಬೇಡಿ. ಬಾಗಿಲಿಗೆ ತರುವವನನ್ನಂತೂ ಬೈಯಲೇ ಬೇಡಿ, ಅವನಿಗೆ ಡಬ್ಬದೊಳಗೆ ಏನಿದೆ ಎಂದೇ ಗೊತ್ತಿಲ್ಲ. ಬೈಯಬೇಕಾದ್ದು, ದುಡ್ಡು ಹೋಗುವ ಮೊದಲು ಡೇಟ್ ತೋರಿಸದವರನ್ನು. ನೋಡಿ, ಪುನಃ ಅಲ್ಲಿಗೇ ಬಂದೆ.

ಬಂದದ್ದಕ್ಕೆ ಕಾನೂನಿನ ತಮಾಷೆಯನ್ನೂ ಹೇಳಿಬಿಡುತ್ತೇನೆ. ಪೊಟ್ಟಣದ ಮಾಲಿಗೆ 2011ರ ನಿಯಮ ಇದೆಯಲ್ಲ, ಅದರ ತಿದ್ದುಪಡಿ 2018ರ ಜನವರಿಯಿಂದ ಜಾರಿಗೆ ಬಂತು. ಬೆಲೆ, ತೂಕ, ತಯಾರಿಸಿದವರ ಹೆಸರು ಎಲ್ಲವನ್ನೂ ಆನ್‌ಲೈನಿನಲ್ಲಿ ತೋರಿಸಬೇಕು, ತಯಾರಾದ ತಿಂಗಳು ವರ್ಷ ಒಂದನ್ನು ಬಿಟ್ಟು! ಆಮೇಲೆ 2020ರ ಇ-ಕಾಮರ್ಸ್ ನಿಯಮ ಬಂತು. ಬೇರೆಯವರ ಮಾಲಿಗೆ ಜಾಗ ಕೊಡುವ ಆಪ್‌ಗಳಲ್ಲಿ ಮಾರುವವರು ಎಕ್ಸ್‌ಪೈರಿ ಡೇಟನ್ನೂ ತೋರಿಸಲು ಕೊಡಬೇಕು ಎಂದಿತು. ಒಂದು ನಿಯಮ ಹುಟ್ಟಿದ ದಿನ ಬೇಡ ಎನ್ನುತ್ತದೆ, ಇನ್ನೊಂದು ಸಾಯುವ ದಿನ ಬೇಕು ಎನ್ನುತ್ತದೆ. ಜಾತಕ ನೋಡುವವರಿಗೆ ಕಷ್ಟ. ನಾನು ನೋಡಿದ ಆಪ್‌ಗಳಲ್ಲಿ ಹೆಚ್ಚಿನ ಕಡೆ "ಇಷ್ಟು ತಿಂಗಳು ಬಾಳುತ್ತದೆ" ಎಂದು ಇರುತ್ತದೆ. ಎಂದಿನಿಂದ ಎಂದು ಮಾತ್ರ ಇಲ್ಲ.

2024ರ ನವೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು ಈ ಆನ್‌ಲೈನಿನವರನ್ನು ಕರೆದು ಹೇಳಿದ್ದಾರೆ: ಮನೆಗೆ ಮುಟ್ಟುವಾಗ ಬಾಳಿಕೆಯ ಶೇ. 30 ಭಾಗ ಅಥವಾ 45 ದಿನ ಉಳಿದಿರಬೇಕು. ಹತ್ತು ದಿನ ಬಾಳುವ ಬ್ರೆಡ್ಡಿಗೆ ಮೂರು ದಿನ ಎಂದು ಲೆಕ್ಕ. ಒಳ್ಳೆಯ ಮಾತು. ಆದರೆ ಡೇಟ್ ತೋರಿಸದ ಮೇಲೆ ಆ 45 ದಿನವನ್ನು ಎಣಿಸುವುದು ಯಾರು? ನಾವು. ಯಾವಾಗ? ದುಡ್ಡು ಹೋದ ಮೇಲೆ.

ಅಧ್ಯಕ್ಷರು ವಾಚು ನೋಡುತ್ತಿದ್ದಾರೆ. ಆರರಲ್ಲಿ ಎರಡೇ ಅಂಶ ಆಯಿತು. ಉಳಿದದ್ದನ್ನು ಓಡಿಸುತ್ತೇನೆ.

ಡಬ್ಬ ಬಂದ ಕೂಡಲೇ ಬಿಚ್ಚಿ, ಪ್ರತಿಯೊಂದರ ಡೇಟ್ ನೋಡಿ. ಮುಗಿದದ್ದು ಸಿಕ್ಕಿದರೆ ಬಿಸಾಡಬೇಡಿ, ಸಿಟ್ಟಿನಲ್ಲಿ ಒಲೆಗೂ ಹಾಕಬೇಡಿ. ಡೇಟ್, ಬ್ಯಾಚ್ ನಂಬರು, ಆಹಾರ ಸುರಕ್ಷತೆಯ 14 ಅಂಕೆಯ ಲೈಸೆನ್ಸ್ ನಂಬರು, ಡಬ್ಬದ ಮೇಲಿನ ಚೀಟಿ, ನಾಲ್ಕರ ಫೋಟೋವೂ ಬೇಕು. ಬಿಲ್ಲಿನಲ್ಲಿ ಮಾರಿದವರ ಹೆಸರು ಬೇರೆಯೇ ಇರುತ್ತದೆ, ಅದನ್ನು ಓದಿಕೊಳ್ಳಿ. "ನಾವು ಬರೇ ವೇದಿಕೆ" ಎಂದು ಆಪಿನವರು ಹೇಳುತ್ತಾರೆ. 2006ರ ಆಹಾರ ಸುರಕ್ಷತಾ ಕಾನೂನಿನ 27ನೇ ಸೆಕ್ಷನ್ ನೆನಪಿಡಿ. ಡೇಟ್ ಮುಗಿದ ಮೇಲೆ ಸರಬರಾಜು ಮಾಡಿದರೆ ವಿತರಕ, ಮಾರಿದರೆ ಮಾರಿದವ ಹೊಣೆ.

ಆಪಿನವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಇದು ನಮ್ಮವರಿಗೆ ಮುಖ್ಯ, ಯಾಕೆಂದರೆ ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಪೊಟ್ಟಣದ ಮೇಲೆ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಕಾನೂನಿಗೆ ಸಾಕು. ಅಂಗಡಿಯ ಬೋರ್ಡು ಮಲಯಾಳ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಅರ್ಜಿಗಳನ್ನೆಲ್ಲ ಯಾರಿಂದಲೋ ಬರೆಸಿಕೊಂಡು ತಿರುಗಿದವರು. ಇಲ್ಲಿಯಾದರೂ ನಮ್ಮ ಸಿಟ್ಟನ್ನು ನಮ್ಮ ಭಾಷೆಯಲ್ಲಿ ಹೇಳಬಹುದಲ್ಲ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾನೂನು ಬಂದ ಮೇಲೆ ಕಂಪೆನಿ ಇರುವ ಊರಿಗೆ ಹೋಗಬೇಕಿಲ್ಲ, ನಾವು ಇರುವ ಜಿಲ್ಲೆಯಲ್ಲೇ, ಕಾಸರಗೋಡಿನಲ್ಲೇ ಕೇಸು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಾದರೆ ಫೀಸಿಲ್ಲ. ಎರಡು ವರ್ಷ ಸಮಯ ಇದೆ. ಐದು ಲಕ್ಷದ ಓಟ್ಸ್ ಯಾರೂ ತಿನ್ನುವುದಿಲ್ಲ, ಹಾಗಾಗಿ ಹೆದರಬೇಡಿ.

ಐದನೆಯದ್ದು ಡೇಟ್ ಅಳಿಸಿ ಹೊಸತು ಒತ್ತುವವರ ವಿಷಯ. ಅದು ಒಂದು ಗಂಟೆಯ ಮಾತು, ಬಿಡುತ್ತೇನೆ. ಆರನೆಯದ್ದರಲ್ಲಿ ನನ್ನ ಅಕ್ಷರ ನನಗೇ ಓದಲಾಗುತ್ತಿಲ್ಲ. ಮಸುಕು ಶಾಯಿ.

ಆ ಓಟ್ಸಿನ ಪೊಟ್ಟಣ ನನ್ನ ಚೀಲದಲ್ಲಿದೆ. ಒಳಗೆ ಏನೂ ಇಲ್ಲ, ದನ ಕೂಡ ಮೂಸಿ ಬಿಟ್ಟಿತು. ಸಭೆಯಲ್ಲಿ ಒಂದು ಸುತ್ತು ಹೋಗಲಿ. ಡೇಟ್ ಎಲ್ಲಿದೆ ಎಂದು ಹುಡುಕಿ, ಕನ್ನಡಕ ಇಲ್ಲದೆ ಸಿಕ್ಕಿದವರು ಕೈ ಎತ್ತಿ. ತಗೊಳ್ಳಿ, ಹಿಂದಿನ ಸಾಲಿನಿಂದ ಶುರು ಮಾಡಿ.