ಲಿಂಕ್ ಹಾಕಿದ ಮೇಲೆ ಏನಾಗುತ್ತದೆ?

(ಶಿರಸಿಯಲ್ಲಿ ಬ್ಲಾಗ್ ಬರೆಯುವವರ ಮುಂದೆ ಆಡಿದ ಮಾತಿನ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬಂದವರಿದ್ದೀರಿ, ಘಟ್ಟ ಹತ್ತಿ ಕುಮಟಾ, ಅಂಕೋಲಾ, ಕಾರವಾರದಿಂದ ಬಂದವರೂ ಇದ್ದೀರಿ. ಬರೆಯುವುದು ಹೇಗೆ ಎಂದು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ. ಬರೆದದ್ದನ್ನು ವಾಟ್ಸ್‌ಆ್ಯಪಿಗೋ ಫೇಸ್‌ಬುಕ್ಕಿಗೋ ಹಾಕುತ್ತೀರಿ, ಇಪ್ಪತ್ತು ಜನ ಹೆಬ್ಬೆರಳು ಎತ್ತುತ್ತಾರೆ, ಬ್ಲಾಗಿಗೆ ಬಂದು ನೋಡಿದವರು ಮೂರೇ ಮಂದಿ. ಆ ಹದಿನೇಳು ಜನ ಎಲ್ಲಿ ಕಳೆದುಹೋದರು ಎಂಬುದು ಇವತ್ತಿನ ಮಾತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ನಿಮ್ಮ ಬರಹದ ಒಂದು ಸಾಲನ್ನೂ ಓದುವ ಮೊದಲೇ ಕಳೆದುಹೋಗುತ್ತಾರೆ. ಆದ್ದರಿಂದ ಇನ್ನೂ ಹತ್ತು ಗ್ರೂಪಿಗೆ ಸೇರುವ ಮೊದಲು ಲಿಂಕಿನ ಮುಖ ತೊಳೆಯಿರಿ.

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ತೊಡದೇವು ಎಂಬ ತೆಳು ಸಿಹಿ ತಿಂಡಿಯ ಬಗ್ಗೆ ಒಂದು ಬರಹ ಸಿದ್ಧವಾಗಿದೆ ಎಂದಿಟ್ಟುಕೊಳ್ಳಿ. ಆಲೆಮನೆ ಕಾಲ, ಕಬ್ಬಿನ ಹಾಲು, ಅಕ್ಕಿಯ ತೆಳು ಹಿಟ್ಟು, ಬೋರಲು ಹಾಕಿದ ಮಡಕೆ, ಕೆಳಗೆ ಹದವಾದ ಬೆಂಕಿ, ಹಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮಡಕೆಯ ಬೆನ್ನಿಗೆ ಒಂದೇ ಬೀಸಿನಲ್ಲಿ ಬಳಿಯುವುದು. ಎಲ್ಲ ಚೆನ್ನಾಗಿ ಬರೆದಿದ್ದೀರಿ. ಶೀರ್ಷಿಕೆ ‘ತೊಡದೇವು ಮಾಡುವ ಬಗೆ’.

ಈಗ ಪ್ರಕಟಿಸುವ ಗುಂಡಿ ಒತ್ತಬೇಡಿ. ಮೊದಲು ಬರಹದ ವಿಳಾಸ, ಅಂದರೆ ಲಿಂಕ್, ನೋಡಿ. ಅದು ಸಾಮಾನ್ಯವಾಗಿ ಶೀರ್ಷಿಕೆಯಿಂದಲೇ ತಯಾರಾಗುತ್ತದೆ. ಇಂಟರ್‌ನೆಟ್ಟಿನ ವಿಳಾಸದೊಳಗೆ ಕನ್ನಡ ಅಕ್ಷರ ನೇರವಾಗಿ ಹೋಗುವುದಿಲ್ಲ. ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಇರುವ ಏಕರೂಪದ ಸಂಕೇತಕ್ರಮ) ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡಾ ಗುರುತು ಸೇರಿ 3 ಅಕ್ಷರವಾಗುತ್ತದೆ. ಅಂದರೆ ಒಂದು ಚಿಹ್ನೆಗೆ 9. ‘ತೊಡದೇವು’ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ತ, ಒತ್ವ, ಡ, ದ, ಏತ್ವ, ವ, ಉತ್ವ ಎಂದು 7 ಚಿಹ್ನೆ, ವಿಳಾಸದಲ್ಲಿ 63. ಇಡೀ ಶೀರ್ಷಿಕೆ ನಡುವಿನ ಎರಡು ಗೆರೆ ಸೇರಿ 137 ಅಕ್ಷರದ ಶೇಕಡಾ ಗುರುತುಗಳ ಮಾಲೆಯಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಇಂಥ ಲಿಂಕ್ ನಾಲ್ಕೈದು ಸಾಲು ಹರಡಿಕೊಂಡು ಬಿದ್ದಿರುವುದನ್ನು ನೋಡಿದ್ದೀರಿ. ಎಷ್ಟೋ ಜನ ಅದನ್ನು ವೈರಸ್ ಎಂದುಕೊಂಡು ಮುಟ್ಟುವುದಿಲ್ಲ. ಅವರದ್ದು ತಪ್ಪಲ್ಲ, ಮೋಸದ ಲಿಂಕುಗಳೂ ಹಾಗೇ ಕಾಣುತ್ತವೆ.

ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ತೊಡಕಿದೆ. ಬ್ಲಾಗ್ ನಡೆಸುವ ಆ ತಾಣದಲ್ಲಿ, ವಿಳಾಸದೊಳಗೆ ಶೀರ್ಷಿಕೆಯಿಂದ ಬರುವ ಭಾಗಕ್ಕೆ 200 ಅಕ್ಷರದ ಮಿತಿ. ಒಂದು ಚಿಹ್ನೆಗೆ 9 ಎಂದರೆ ಹೆಚ್ಚೆಂದರೆ 22 ಚಿಹ್ನೆ. ಉದ್ದ ಶೀರ್ಷಿಕೆ ಕೊಟ್ಟರೆ ವಿಳಾಸ ಮಧ್ಯದಲ್ಲೇ ತುಂಡಾಗುತ್ತದೆ. ಗೂಗಲ್ಲಿನ ‘ಬ್ಲಾಗರ್’ ತಾಣ ಇದರ ತದ್ವಿರುದ್ಧ. ಅದು ಕನ್ನಡವನ್ನು ಪೂರ್ತಿ ಬಿಟ್ಟು ‘ಬ್ಲಾಗ್ ಪೋಸ್ಟ್’ ಎಂಬ ಎರಡು ಪದ, ಅದರ ಮುಂದೆ ಒಂದು ಸಂಖ್ಯೆ ಅಂಟಿಸಿ ಕೈತೊಳೆದುಕೊಳ್ಳುತ್ತದೆ. ತೊಡದೇವಿಗೂ ಅದೇ ವಿಳಾಸ, ಅಪ್ಪೆಹುಳಿಗೂ ಅದೇ.

ಎರಡಕ್ಕೂ ಮದ್ದು ಒಂದೇ. ಬ್ಲಾಗರ್‌ನಲ್ಲಿ ಬರಹದ ಬಲಗಡೆ ‘ಪರ್ಮಾಲಿಂಕ್’ ತೆರೆದು ‘ಕಸ್ಟಮ್’ ಆಯ್ದುಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಾದರೆ ‘ಸ್ಲಗ್’ ಎಂಬ ಜಾಗ. ಅಲ್ಲಿ ರೋಮನ್ ಅಕ್ಷರದಲ್ಲಿ ಎರಡು ಮೂರು ಪದ, ನಡುವೆ ಅಡ್ಡಗೆರೆ. ಜನ ಗೂಗಲ್‌ನಲ್ಲಿ ತೊಡದೇವನ್ನು ರೋಮನ್ ಅಕ್ಷರದಲ್ಲಿ ಹೇಗೆ ಕುಟ್ಟುತ್ತಾರೋ ಹಾಗೇ ಬರೆಯಿರಿ, ವ್ಯಾಕರಣದ ಶುದ್ಧಿ ಇಲ್ಲಿ ಬೇಡ. ಇದನ್ನು ಪ್ರಕಟಿಸುವ ಮೊದಲೇ ಮಾಡಬೇಕು. ಆಮೇಲೆ ಬದಲಿಸಿದರೆ ಹಳೇ ಲಿಂಕ್ ಹಂಚಿದಲ್ಲೆಲ್ಲ ಸತ್ತುಹೋಗಬಹುದು.

ಮುಂದಿನದು ಚಿತ್ರ. ಲಿಂಕಿನ ಜೊತೆ ಬರುವ ಸಣ್ಣ ಚೌಕಟ್ಟಿದೆಯಲ್ಲ, ಚಿತ್ರ, ಶೀರ್ಷಿಕೆ, ಒಂದು ಸಾಲು ವಿವರಣೆ, ಅದನ್ನು ಪ್ರಿವ್ಯೂ ಎನ್ನುತ್ತೇವೆ. ಫೇಸ್‌ಬುಕ್ ಸೂಚಿಸುವ ಅಳತೆ 1200 ಅಗಲ, 630 ಎತ್ತರದ ಪಿಕ್ಸೆಲ್. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ಫೋಟೋ ಇದಕ್ಕೆ ಒಗ್ಗುವುದಿಲ್ಲ. ಮೇಲೂ ಕೆಳಗೂ ಕತ್ತರಿಸಿ, ಕೊನೆಗೆ ಮಡಕೆಯ ಹೊಟ್ಟೆ ಮಾತ್ರ ಉಳಿಯುತ್ತದೆ, ಹಿಟ್ಟು ಬಳಿಯುವ ಕೈ ಹಾರಿಹೋಗುತ್ತದೆ. ಆದ್ದರಿಂದ ಮೊದಲ ಚಿತ್ರವನ್ನು ಮೊಬೈಲ್ ಅಡ್ಡ ಹಿಡಿದೇ ತೆಗೆಯಿರಿ, ಕೈ ಮಧ್ಯದಲ್ಲಿರಲಿ. ತೂಕ 300 ಕೆಬಿ ದಾಟದಿರಲಿ, ಹೆಚ್ಚಾದರೆ ವಾಟ್ಸ್‌ಆ್ಯಪಿನ ಪ್ರಿವ್ಯೂನಲ್ಲಿ ಚಿತ್ರವೇ ಬಾರದಿರುವುದುಂಟು. ವಿವರಣೆಯ ಸಾಲು ಬರಬೇಕೆಂದರೆ ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸರ್ಚ್ ಡಿಸ್ಕ್ರಿಪ್ಶನ್’ ಚಾಲೂ ಮಾಡಿ, ಪ್ರತಿ ಬರಹಕ್ಕೂ ಬೇರೆ ಬೇರೆ ತುಂಬಬೇಕು.

ಇಲ್ಲಿ ನಮ್ಮ ಊರುಗಳಿಗೇ ಸೇರಿದ ಒಂದು ಪೇಚಿದೆ. ವಾಟ್ಸ್‌ಆ್ಯಪಿನಲ್ಲಿ ಪ್ರಿವ್ಯೂ ತಯಾರಾಗುವುದು ಕಳಿಸುವವರ ಮೊಬೈಲಿನಲ್ಲಿ. ಮನೆಯಲ್ಲಿ ಕೂತು, ಒಂದು ಗೆರೆ ಸಿಗ್ನಲ್‌ನಲ್ಲಿ ಲಿಂಕ್ ಅಂಟಿಸಿ ಪಟ್ಟನೆ ಕಳಿಸಿದರೆ ಪ್ರಿವ್ಯೂ ಹುಟ್ಟುವ ಮೊದಲೇ ಲಿಂಕ್ ಬರಿಮೈಯಲ್ಲಿ ಹೊರಟಿರುತ್ತದೆ. ಬೆಂಗಳೂರಿನಲ್ಲಿ ಕೂತವರ ನೆಟ್ ಎಷ್ಟು ಜೋರಿದ್ದರೂ ಅವರಿಗೆ ಚಿತ್ರ ಕಾಣುವುದಿಲ್ಲ. ಅಂಟಿಸಿದ ಮೇಲೆ ಚಿತ್ರ ಮೂಡುವ ತನಕ ಕಾಯಿರಿ. ಮೂಡದಿದ್ದರೆ ಗುಡ್ಡದ ತಲೆಗೆ ಹೋಗಿಯೋ, ಪೇಟೆಗೆ ಬಂದಾಗಲೋ ಕಳಿಸಿ. ಒಂದೇ ಮೆಸೇಜಿನಲ್ಲಿ ಎರಡು ಲಿಂಕ್ ತುರುಕಬೇಡಿ, ಪ್ರಿವ್ಯೂ ಬರುವುದು ಮೊದಲನೆಯದಕ್ಕೆ ಮಾತ್ರ.

ಫೇಸ್‌ಬುಕ್ಕಿನದು ಇನ್ನೊಂದು ಗುಣ. ಒಂದು ಲಿಂಕನ್ನು ಮೊದಲ ಸಲ ಹಾಕಿದಾಗ ಕಂಡ ಚಿತ್ರ, ಶೀರ್ಷಿಕೆಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಶೀರ್ಷಿಕೆಯಲ್ಲಿ ಅಕ್ಷರ ತಪ್ಪಿತ್ತು, ಬ್ಲಾಗಿನಲ್ಲಿ ತಿದ್ದಿದಿರಿ, ಫೇಸ್‌ಬುಕ್ಕಿನಲ್ಲಿ ಮಾತ್ರ ಹಳೇ ತಪ್ಪೇ ಕಾಣುತ್ತಿದೆ ಎಂದು ದೂರುವವರು ಬಹಳ. ‘ಶೇರಿಂಗ್ ಡಿಬಗ್ಗರ್’ ಎಂಬ ಫೇಸ್‌ಬುಕ್ಕಿನದೇ ಪುಟವಿದೆ. ಅಲ್ಲಿ ವಿಳಾಸ ಕೊಟ್ಟು ‘ಸ್ಕ್ರೇಪ್ ಅಗೇನ್’ ಒತ್ತಿದರೆ ಹೊಸದು ಬರುತ್ತದೆ.

ಲಿಂಕ್ ಒತ್ತಿದವರೂ ಕೆಲವರು ಪುಟ ತೆರೆಯುವ ಮೊದಲೇ ಹಿಂದೆ ಹೋಗುತ್ತಾರೆ. ಲೆಕ್ಕ ಹಾಕಿ. ಮೊಬೈಲಿನ ಒಂದು ಫೋಟೋ 4 ಎಂಬಿ, ಐದು ಫೋಟೋ 20 ಎಂಬಿ. ‘ಒರಿಜಿನಲ್’ ಅಳತೆಯಲ್ಲೇ ಹಾಕಿಬಿಟ್ಟರೆ, ಸೆಕೆಂಡಿಗೆ 1 ಮೆಗಾಬಿಟ್ ಸಿಗುವ ಕಡೆ ಇದು ಇಳಿಯಲು 160 ಸೆಕೆಂಡ್ ಬೇಕು (1 ಎಂಬಿ ಎಂದರೆ 8 ಮೆಗಾಬಿಟ್). ಕರಿಕಾಫಿ ಕುದಿಸಿ ಕುಡಿಯಬಹುದು. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಒಂದೊಂದು 150 ಕೆಬಿ ಒಳಗಿಟ್ಟರೆ ಐದೂ ಸೇರಿ ಮುಕ್ಕಾಲು ಎಂಬಿ. ಅದೇ ವೇಗದಲ್ಲಿ ಆರು ಸೆಕೆಂಡ್.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಕುಟ್ಟಿದ ಲೇಖನವನ್ನು ಹಾಗೇ ಅಂಟಿಸುವವರು ಈಗಲೂ ಇದ್ದಾರೆ. ಅದು ಬೇರೆಯವರ ಮೊಬೈಲಿನಲ್ಲಿ ಚಿತ್ರವಿಚಿತ್ರ ರೋಮನ್ ಗುರುತುಗಳಾಗಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಕೆಡುವುದು ಅಲ್ಲೇ.

ಇಷ್ಟಾದ ಮೇಲೆ ಹಂಚುವ ಮಾತು.

ವಾಟ್ಸ್‌ಆ್ಯಪಿನಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು. ಐದಾರು ಕೈ ದಾಟಿ ಬಂದ ಮೆಸೇಜಾದರೆ, 2020ರ ಏಪ್ರಿಲ್‌ನಿಂದ, ಒಮ್ಮೆಗೆ ಒಂದೇ ಕಡೆಗೆ. ಜೊತೆಗೆ ಜೋಡಿ ಬಾಣದ ಗುರುತು ಬೀಳುತ್ತದೆ. ಆ ಗುರುತು ಕಂಡ ಕೂಡಲೇ ‘ಮತ್ತೊಂದು ಫಾರ್ವರ್ಡ್’ ಎಂದು ಬೆರಳು ಮುಂದೆ ಸರಿಯುತ್ತದೆ. ಅದಕ್ಕೇ ಫಾರ್ವರ್ಡ್ ಮಾಡಬೇಡಿ, ಗ್ರೂಪಿಗೊಂದರಂತೆ ಹೊಸದಾಗಿ ಬರೆಯಿರಿ. ಲಿಂಕ್ ಒಂದೇ, ಮೇಲಿನ ಎರಡು ಸಾಲು ಬೇರೆ. ಕುಟುಂಬದ ಗ್ರೂಪಿಗೆ: ‘ಹಿಟ್ಟು ಮಡಕೆಗೆ ಅಂಟಿಕೊಂಡು ಏಳದಿದ್ದರೆ ಏನು ಮಾಡಬೇಕು ಅಂತ ಬರೆದಿದ್ದೇನೆ.’ ಕಬ್ಬು ಬೆಳೆಯುವವರ ಗ್ರೂಪಿಗೆ: ‘ಕಬ್ಬಿನ ಹಾಲಿನ ಬದಲು ಬೆಲ್ಲ ಹಾಕಿದರೆ ರುಚಿಯಲ್ಲಿ ಏನು ವ್ಯತ್ಯಾಸ?’ ‘ನನ್ನ ಹೊಸ ಬ್ಲಾಗ್ ಬರಹ, ಓದಿ ಪ್ರೋತ್ಸಾಹಿಸಿ’ ಎಂದು ಬರೆಯುವುದನ್ನು ದಯವಿಟ್ಟು ಬಿಡಿ. ಪ್ರೋತ್ಸಾಹಕ್ಕೆ ಹೆಬ್ಬೆರಳು ಸಾಕಲ್ಲ, ಅದನ್ನು ಎತ್ತಿ ಸುಮ್ಮನಾಗುತ್ತಾರೆ.

ಪೂರ್ತಿ ಲೇಖನವನ್ನೇ ಗ್ರೂಪಿಗೆ ಸುರಿಯುವುದೂ ಬೇಡ. ಅದು ಊರೂರು ಸುತ್ತುತ್ತದೆ, ಮೂರನೇ ಕೈಗೆ ಹೋಗುವಾಗ ಕೊನೆಯ ಸಾಲಿನ ನಿಮ್ಮ ಹೆಸರು ಹಾರಿರುತ್ತದೆ. ಕೊಡಲೇಬೇಕೆಂದರೆ ಹೆಸರು, ಲಿಂಕ್ ಎರಡನ್ನೂ ಮಧ್ಯದ ಪ್ಯಾರಾದೊಳಗೆ ಹೆಣೆಯಿರಿ. ಬಾಲ ಕತ್ತರಿಸುವವರು ಹೊಟ್ಟೆಗೆ ಕೈ ಹಾಕುವಷ್ಟು ಶ್ರಮ ಪಡುವುದಿಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿಗೆ, ಅಂದರೆ ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ತಲುಪಿಸುವ ಪಟ್ಟಿಗೆ, 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಕಳಿಸಿದವರಿಗೆ ಇದು ತಿಳಿಯುವುದೂ ಇಲ್ಲ, ಒಂದೇ ಟಿಕ್ ನೋಡಿಕೊಂಡು ಕೂರುತ್ತಾರೆ. ನಮ್ಮಲ್ಲಿ 2023ರ ಸೆಪ್ಟೆಂಬರ್‌ನಿಂದ ಬಂದ ಚಾನೆಲ್‌ಗೆ ಈ ಕಟ್ಟುಪಾಡಿಲ್ಲ. ಅಲ್ಲಿ ಎದುರು ಮಾತಿಲ್ಲ ಎನ್ನುವುದೊಂದೇ ಕೊರತೆ.

ಫೇಸ್‌ಬುಕ್ಕಿನಲ್ಲಿ ಬ್ಲಾಗಿನ ಹೆಸರಿನದೊಂದು ‘ಪೇಜ್’ ಮಾಡಿ, ಗೆಳೆಯರಿಗೆಲ್ಲ ಲೈಕ್ ಮಾಡಿ ಎಂದು ಕಾಡುವುದು ಹಳೇ ಪದ್ಧತಿ. 2018ರ ಜನವರಿಯಲ್ಲಿ ಫೇಸ್‌ಬುಕ್ಕೇ ಹೇಳಿತು, ಇನ್ನು ಪೇಜುಗಳಿಗಿಂತ ಗೆಳೆಯರು, ಮನೆಯವರ ಪೋಸ್ಟನ್ನು ಮುಂದೆ ತೋರಿಸುತ್ತೇವೆ ಎಂದು. ಸಣ್ಣ ಬ್ಲಾಗಿಗೆ ಸ್ವಂತ ಖಾತೆಯೇ ಒಳ್ಳೆಯದು. ಲಿಂಕನ್ನು ಪೋಸ್ಟಿನಲ್ಲಿ ಹಾಕಬೇಕೋ ಮೊದಲ ಕಾಮೆಂಟಿನಲ್ಲೋ ಎಂದು ಸಾಕಷ್ಟು ವಾದ ನಡೆಯುತ್ತದೆ. ನನ್ನ ಮಟ್ಟಿಗೆ ಪೋಸ್ಟಿನಲ್ಲೇ ಇರಲಿ, ವಯಸ್ಸಾದ ಓದುಗರಿಗೆ ಕಾಮೆಂಟಿನಲ್ಲಿ ಲಿಂಕ್ ಹುಡುಕುವುದು ಹೊಳೆಯುವುದಿಲ್ಲ. ‘ಲೈಕ್ ಮಾಡಿ, ಶೇರ್ ಮಾಡಿ, ಟ್ಯಾಗ್ ಮಾಡಿ’ ಎಂದು ಬೇಡುವ ಪೋಸ್ಟನ್ನು ಫೇಸ್‌ಬುಕ್ 2017ರ ಕೊನೆಯಿಂದ ಹಿಂದೆ ತಳ್ಳುತ್ತದೆ, ನೆನಪಿರಲಿ.

ಇನ್‌ಸ್ಟಾಗ್ರಾಮಿನಲ್ಲಿ ಚಿತ್ರದ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಪರಿಚಯದ ಜಾಗದಲ್ಲಿ 5 ಲಿಂಕ್ ಹಾಕಬಹುದು, ಸ್ಟೋರಿಯಲ್ಲಿ ‘ಲಿಂಕ್ ಸ್ಟಿಕ್ಕರ್’ ಅಂಟಿಸಬಹುದು. ತೊಡದೇವನ್ನು ಮಡಕೆಯಿಂದ ಎಬ್ಬಿಸುವ ಆ ಅರೆ ನಿಮಿಷದ ವಿಡಿಯೋ ರೀಲ್ಸಿಗೆ, ಅಳತೆ ಬ್ಲಾಗಿಗೆ. ಯೂಟ್ಯೂಬ್ ಶಾರ್ಟ್ಸ್‌ನ ಕೆಳಗಿನ ಲಿಂಕುಗಳೂ 2023ರ ಆಗಸ್ಟ್ ಕೊನೆಯಿಂದ ಕೆಲಸ ಮಾಡುವುದಿಲ್ಲ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) 280 ಅಕ್ಷರದ ಮಿತಿ, ಕನ್ನಡದ ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಲಿಂಕ್ ಎಷ್ಟೇ ಉದ್ದವಿರಲಿ 23 ಎಂದೇ ಹಿಡಿಯುತ್ತದೆ.

ಯಾವುದು ಫಲ ಕೊಟ್ಟಿತು ಎಂದು ತಿಳಿಯಬೇಡವೇ? ವಾಟ್ಸ್‌ಆ್ಯಪಿನಿಂದ ಬಂದವರನ್ನು ಓದುಗರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಹೆಚ್ಚಾಗಿ ‘ಡೈರೆಕ್ಟ್’ ಎಂದೇ ತೋರಿಸುತ್ತದೆ, ಎಲ್ಲಿಂದ ಬಂದರೆಂದು ಆ ಆ್ಯಪ್ ಹೇಳಿಕಳಿಸುವುದಿಲ್ಲ. ಇದಕ್ಕೆ ಲಿಂಕಿನ ಬಾಲಕ್ಕೆ ‘ಯುಟಿಎಮ್’ ಗುರುತು ಸೇರಿಸುವ ಕ್ರಮವಿದೆ: ಸೋರ್ಸ್ ಎಂದರೆ ವಾಟ್ಸ್‌ಆ್ಯಪ್, ಮೀಡಿಯಮ್ ಎಂದರೆ ಗ್ರೂಪೋ ಚಾನೆಲ್ಲೋ, ಕ್ಯಾಂಪೇನ್ ಎಂದರೆ ತೊಡದೇವು. ಗೂಗಲ್‌ನ ‘ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್’ ಪುಟದಲ್ಲಿ ತುಂಬಿದರೆ ತಾನೇ ಕಟ್ಟಿಕೊಡುತ್ತದೆ. ಹೆಸರನ್ನು ಯಾವಾಗಲೂ ರೋಮನ್ ಸಣ್ಣಕ್ಷರದಲ್ಲಿ ಬರೆಯಿರಿ, ಒಮ್ಮೆ ದೊಡ್ಡಕ್ಷರ ಒಮ್ಮೆ ಸಣ್ಣಕ್ಷರವಾದರೆ ಲೆಕ್ಕ ಎರಡಾಗಿ ಒಡೆಯುತ್ತದೆ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ‘ಎಂಗೇಜ್ಡ್’ ಎಂಬ ಕಾಲಂ ನೋಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತವರು, ಇಲ್ಲವೇ ಎರಡನೇ ಪುಟಕ್ಕೆ ಹೋದವರು ಅಲ್ಲಿ ಸೇರುತ್ತಾರೆ. ಒಂದು ದೊಡ್ಡ ಗ್ರೂಪಿನಿಂದ ಇನ್ನೂರು ಜನ ಬಂದು ಹತ್ತು ಜನ ನಿಂತರು, ಮೂವತ್ತು ಜನರ ಅಡುಗೆ ಗ್ರೂಪಿನಿಂದ ಹದಿನೈದು ಬಂದು ಹನ್ನೆರಡು ನಿಂತರು ಎಂದಾದರೆ, ಮುಂದಿನ ಸಲ ಸಮಯ ಎಲ್ಲಿ ಖರ್ಚು ಮಾಡಬೇಕೆಂದು ಹೇಳಬೇಕಿಲ್ಲ.

ಕಾಲದ ಮಾತೊಂದಿದೆ. ಹೆಚ್ಚಿನವರು ಬೆಳಿಗ್ಗೆ ಎಷ್ಟು ಗಂಟೆಗೆ ಹಾಕಬೇಕು ಎಂದು ಕೇಳುತ್ತಾರೆ, ಯಾವ ತಿಂಗಳಲ್ಲಿ ಎಂದು ಕೇಳುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಇದನ್ನು ಜನ ಹುಡುಕುವುದು ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ. ಹೊಸ ಪುಟವನ್ನು ಗೂಗಲ್ ಹುಡುಕಾಟಕ್ಕೆ ಸೇರಿಸಿಕೊಳ್ಳಲು ಕೆಲವು ದಿನದಿಂದ ಕೆಲವು ವಾರ ಬೇಕು. ಆದ್ದರಿಂದ ಏಪ್ರಿಲ್‌ನಲ್ಲೇ ಪ್ರಕಟಿಸಿ, ಮೇ ಕೊನೆಗೆ ಗ್ರೂಪುಗಳಿಗೆ ಹಾಕಿ, ಮೊದಲ ಮದ್ದು ಹೊಡೆದು ಸುಮಾರು 40–45 ದಿನಕ್ಕೆ ಎರಡನೆಯದು ಬರುತ್ತದಲ್ಲ, ಆಗ ಅದೇ ಲಿಂಕನ್ನು ಬೇರೆ ಸಾಲಿನ ಜೊತೆ ಮತ್ತೆ ಹಾಕಿ. ಕರಾವಳಿಯವರಿಗೆ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಒಣಮೀನಿನ ಬರಹಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯ ಬರಹದ ವಿಳಾಸದಲ್ಲಿ ಇಸವಿ ಹಾಕಬೇಡಿ, ಶೀರ್ಷಿಕೆಯಲ್ಲಿ ಬೇಕಾದರೆ ಹಾಕಿ. ಮುಂದಿನ ಜಾತ್ರೆಗೆ ಹೊಸ ಪುಟ ಮಾಡದೆ ಅದೇ ಪುಟದಲ್ಲಿ ದಿನಾಂಕ, ಬಸ್ಸು, ವಾಹನ ನಿಲ್ಲಿಸುವ ಜಾಗಗಳನ್ನು ತಿದ್ದಿ, ಶೇರಿಂಗ್ ಡಿಬಗ್ಗರ್‌ನಲ್ಲಿ ಒಮ್ಮೆ ಹಾಯಿಸಿ, ಆಮೇಲೆ ಹಂಚಿ. ಹಿಂದಿನ ಸಲ ಯಾರೋ ಯಾವುದೋ ಗ್ರೂಪಿನಲ್ಲಿ ಹಾಕಿಟ್ಟ ಹಳೇ ಲಿಂಕ್ ಒತ್ತಿದವರೂ ಈ ವರ್ಷದ ಮಾಹಿತಿಗೇ ಬಂದು ಸೇರುತ್ತಾರೆ.

ಇನ್ನು ನಿಮ್ಮ ಮೊಬೈಲ್ ತೆಗೆಯಿರಿ. ಪ್ರತಿಯೊಬ್ಬರೂ ನಿಮ್ಮ ಕೊನೆಯ ಬರಹದ ಲಿಂಕನ್ನು ಪಕ್ಕದಲ್ಲಿ ಕೂತವರಿಗೆ ಕಳಿಸಿ, ಅವರ ಮೊಬೈಲಿನಲ್ಲಿ ಅದು ಹೇಗೆ ಕಾಣುತ್ತದೆ ಎಂದು ನೋಡೋಣ.