ಫ್ರೆಡ್ಡಿಯ ಗ್ಲೌಸ್: ನೀಟಾಗಿದ್ದರೆ ಕೆಟ್ಟಿತು

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವುದು ಯಾರ ಗ್ಲೌಸ್ ಅಂತ ಹಾರರ್ ಸಿನಿಮಾ ನೋಡುವವರಿಗೆ ಹೇಳಬೇಕಾಗಿಲ್ಲ. 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಸಿನಿಮಾದಲ್ಲಿ ಕನಸಿಗೆ ಬಂದು ಕೊಲ್ಲುವ ಫ್ರೆಡ್ಡಿ ಕ್ರೂಗರ್‌ನದು. ಇದು ನಕಲು ಅಷ್ಟೇ. ನಿರ್ದೇಶಕ ವೆಸ್ ಕ್ರೇವನ್, ಫ್ರೆಡ್ಡಿಯಾಗಿ ಇದನ್ನು ತೊಟ್ಟವರು ರಾಬರ್ಟ್ ಇಂಗ್ಲಂಡ್. ಕ್ರೇವನ್ ಅವರ ಕಲ್ಪನೆಗೆ ರೂಪ ಕೊಟ್ಟವರು ಸ್ಪೆಷಲ್ ಎಫೆಕ್ಟ್ಸ್‌ನ ಜಿಮ್ ಡಾಯ್ಲ್.

ಸಿನಿಮಾದ ಟೈಟಲ್ ಓಡುವಾಗಲೇ ಫ್ರೆಡ್ಡಿ ಕೂತು ಇದನ್ನು ತಯಾರಿಸುತ್ತಾನೆ. ನಕಲು ಮಾಡುವವರು ಆ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಸಿಕ್ಕ ಸಾಮಾನಿನಲ್ಲಿ ಒಬ್ಬ ಕೊಲೆಗಾರ ತನ್ನ ಪಾಡಿಗೆ ಜೋಡಿಸಿಕೊಂಡ ಆಯುಧ ಅದು. ಅಂಗಡಿಯ ನಕಲುಗಳು ಎಡವುವುದು ಇಲ್ಲೇ. ಮದುವೆಗೆ ಹೊರಟ ಹಾಗೆ ಮಿರಮಿರ ಮಿಂಚುತ್ತವೆ!

ಚರ್ಮದ ಬಗ್ಗೆ ಜಾಸ್ತಿ ಹೇಳಲ್ಲ. ಕೂಲಿ ಕೆಲಸಕ್ಕೆ ಹಾಕುವ ಕಂದು ಗ್ಲೌಸ್, ಬಲಗೈದು. ಹಾಕಿ ಹಾಕಿ ಸವೆಸಿ. ಮುಂಗೈ ಮೇಲೆ ತಾಮ್ರದ ತಗಡು, ಬೆರಳುಗಳ ಮೇಲೆ ತಾಮ್ರದ ತುಂಡುಗಳು, ನಾಲ್ಕು ಬೆರಳಿಗೆ ನಾಲ್ಕು ಅಲಗು. ಹೆಬ್ಬೆರಳು ಖಾಲಿ. ಐದೂ ಬೆರಳಿಗೆ ಅಲಗು ಬಂದಿದ್ದು ಅದೇ ಸರಣಿಯ 1994ರ ‘ನ್ಯೂ ನೈಟ್‌ಮೇರ್’ನಲ್ಲಿ. ಯಾವ ಸಿನಿಮಾದ್ದು ಮಾಡ್ತೀರಿ ಅಂತ ಮೊದಲೇ ತೀರ್ಮಾನಿಸಿ.

ನಿಜವಾದ ಕೆಲಸ ತಾಮ್ರದ್ದು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ, ತಾಮ್ರ ಮಾತ್ರ ಮೆತ್ತಗಾಗುತ್ತದೆ. ಬಡಿದಂತೆಲ್ಲ ಮತ್ತೆ ಬಿಗಿಯುತ್ತದೆ. ಆಗ ಸುಮ್ನೆ ಬಲ ಹಾಕಬೇಡಿ, ಸೀಳುತ್ತದೆ. ಮತ್ತೆ ಕಾಯಿಸಿ.

ಆಮೇಲೆ ಬೆಸುಗೆ. ತಾಮ್ರ ಶಾಖವನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ರೇಡಿಯೊ ರಿಪೇರಿಯ ಸೋಲ್ಡರಿಂಗ್ ಐರನ್ ಸಾಲದು, ಗ್ಯಾಸ್ ಟಾರ್ಚ್ ಬೇಕು. 63 ಪಾಲು ತವರ, 37 ಪಾಲು ಸೀಸದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಬೆಳ್ಳಿ ಬೆಸುಗೆಗೆ 600 ದಾಟಬೇಕು. ಅಷ್ಟು ಶಾಖಕ್ಕೆ ಅಲಗಿನ ಹದ ಇಳಿಯುತ್ತದೆ, ಇಳಿಯಲಿ ಬಿಡಿ, ಇದರಲ್ಲಿ ಯಾರೂ ತರಕಾರಿ ಹೆಚ್ಚಲ್ಲ. ಅಲಗು ಕೂರುವ ಕಡೆ ಬೆಸುಗೆ ಗಂಟುಗಂಟಾಗಿ ನಿಂತಿರಬೇಕು. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿದಿರೋ, ಫ್ರೆಡ್ಡಿಯ ಕೈ ಮಾಯ.

ಕೊನೆಗೆ ಬಣ್ಣ. ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ ಕಿಲುಬು ತೆಗೀತಾರೆ, ಇಲ್ಲಿ ನಾವೇ ಕಿಲುಬು ಹಿಡಿಸಬೇಕು. ಉಪ್ಪು ಸವರಿ, ವಿನೆಗರ್ ಆವಿ ತಾಗುವಂತೆ ಮುಚ್ಚಿದ ಡಬ್ಬದಲ್ಲಿಡಿ. ಹಸಿರು ಮೂಡುತ್ತದೆ. ಸಂದಿಗಳಲ್ಲಿ ಉಳಿಸಿ, ಕೈ ತಾಗುವ ಉಬ್ಬುಗಳಲ್ಲಿ ಒರೆಸಿಬಿಡಿ. ಚರ್ಮಕ್ಕೆ ಜೋಡಿಸುವುದು ಇದೆಲ್ಲ ಮುಗಿದ ಮೇಲೆ.

ಈ ನಕಲಿನ ಅಲಗು ಮೊಂಡು ಮಾಡಿದ್ದೇನೆ. ಮುಂದಿನ ಸಾಲಿನಿಂದ ಕಳಿಸುತ್ತೇನೆ, ಹಾಕಿಕೊಂಡು ನೋಡಿ. ಕನ್ನಡಕ ಹಾಕಿದವರು ಮುಖದ ಹತ್ತಿರ ಕೈ ಒಯ್ಯಬೇಡಿ.