ಐನ್‌ಮನೆಯಲ್ಲಿ ಕೇಳಬೇಕಾದ ಹೆಸರುಗಳು

ಕೇಳುಗರಿಗೆ ನಮಸ್ಕಾರ. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿ ಹತ್ತಿರವಾಗುತ್ತಿದೆ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ ನಮ್ಮವರು ಆ ಒಂದು ರಾತ್ರಿಗಾಗಿ ಮನೆತನದ ಮೂಲಮನೆಯಾದ ಐನ್‌ಮನೆಗೆ ಬಂದು, ಎಲೆಗಳ ‘ನೆರೆ’ ಕಟ್ಟಿ, “ಪೊಲಿ ಪೊಲಿ ದೇವಾ” ಎನ್ನುತ್ತಾ ಕದಿರು ತಂದು, ಊಟ ಮುಗಿಸಿ, ಮರುದಿನವೇ ಹಿಂದಿರುಗಿಬಿಡುತ್ತಾರೆ. ಈ ಸಲ ಇನ್ನೊಂದು ದಿನ ಉಳಿದು ತಮ್ಮ ಮನೆತನದ ಬೇರನ್ನು ವಿಚಾರಿಸಿಕೊಳ್ಳಿ ಎಂದು ಅವರಲ್ಲಿ ಕೇಳಿಕೊಳ್ಳುವುದಕ್ಕಾಗಿ ಈ ಮಾತುಗಳನ್ನಾಡುತ್ತಿದ್ದೇನೆ.

ಕೊಡವರಲ್ಲಿ ಈ ವಿಚಾರಣೆ ಮನೆಹೆಸರಿನಿಂದಲೇ ಆರಂಭವಾಗಬಹುದು. ‘ಅಂಡ’, ‘ಇರ’ ಎಂದು ಮುಗಿಯುವ ಹೆಸರುಗಳ ಮೊದಲ ಭಾಗದಲ್ಲಿ ಸಾಮಾನ್ಯವಾಗಿ ಒಕ್ಕದ, ಅಂದರೆ ಮನೆತನದ, ಮೂಲಪುರುಷನ ಹೆಸರು ಅಡಗಿರುತ್ತದೆ. ‘ಕಾರಣವ’ ಎನಿಸಿಕೊಳ್ಳುವ ಆ ಮೂಲಪುರುಷನಿಗೆ ಐನ್‌ಮನೆಯ ಆವರಣದಲ್ಲಿ ಕೈಮಡವೆಂಬ ಗುಡಿಯಿರುತ್ತದೆ. ನೆಲ್ಲಕ್ಕಿ ಎಂಬ ನಡುಮನೆಯಲ್ಲಿ ಅವನ ನೆನಪಿಗೆ ದೀಪ ಉರಿಯುತ್ತದೆ. ಕಾರಣವನಿಗೆ ಎಡೆಯಿಡುವ ದಿನ ಕೈಯಾಲೆಯ, ಅಂದರೆ ಜಗಲಿಯ, ಐಮರದ ಹಲಗೆಯ ಮೇಲೆ ಕುಳಿತ ಹಿರಿಯರ ಮಾತು ತಾನಾಗಿಯೇ ಹಿಂದಿನವರತ್ತ ಹೊರಳುತ್ತದೆ. ಬೇರೆ ದಿನ ಹೋಗಿ ಕೇಳಿದರೆ ನೆನಪಾಗದ ಸಂಗತಿಗಳು ಆ ದಿನ ಬಾಯಿಗೆ ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಹಾಗೆ ಕೇಳಿಸಿಕೊಂಡ ಮೇಲೆ ಚಾರಿತ್ರಿಕ ಸ್ಥಳಗಳಿಗೆ ಹೋಗುವುದು ಒಳ್ಳೆಯದು. ಕೊಡಗಿನ ರಾಜ ದೊಡ್ಡವೀರರಾಜೇಂದ್ರನು ಕಕ್ಕಬ್ಬೆಯ ಬಳಿ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯಾಗಲಿ, ರಾಜಮನೆತನದ ಸಮಾಧಿಗಳಿರುವ ಮಡಿಕೇರಿಯ ಗದ್ದಿಗೆಯಾಗಲಿ, ರಾಜರ ಕಥೆಯನ್ನಷ್ಟೇ ಹೇಳುತ್ತವೆಂದು ಭಾವಿಸಬಾರದು. ನಮ್ಮ ಹಿರಿಯರು ಯಾರ ಆಳ್ವಿಕೆಯಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿ ಉಳುತ್ತಿದ್ದರು, ಯಾರ ಕರೆಗೆ ಆಯುಧ ಹಿಡಿದು ಹೊರಡುತ್ತಿದ್ದರು ಎಂಬುದು ಅಲ್ಲಿ ನಿಂತಾಗ ಸ್ಪಷ್ಟವಾಗುತ್ತದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ಮೂರೇ ವರ್ಷಗಳಲ್ಲಿ ಅವರ ವಿರುದ್ಧ ದಂಗೆಯೆದ್ದ ಕೊಡವರಲ್ಲದ, ಅರೆಭಾಷೆ ಗೌಡ ಸಮುದಾಯದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ಆ ಕೋಟೆಯ ಕಲ್ಲುಗಳನ್ನು ನೋಡುವಾಗ ಕೊಡಗಿನ ಬೇರುಗಳು ಒಂದೇ ಸಮುದಾಯದವಲ್ಲವೆಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಕೊಡವ ಹಾಕಿ ಉತ್ಸವದ ಮಾತನ್ನೂ ಇಲ್ಲಿ ಆಡಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಒಕ್ಕದವರು ಆರಂಭಿಸಿದ ಈ ಪಂದ್ಯಾವಳಿಯಲ್ಲಿ ತಂಡವನ್ನು ಕಟ್ಟುವುದೇ ಒಕ್ಕದ ಹೆಸರಿನಲ್ಲಿ. ಆದ್ದರಿಂದ ದೂರದೂರುಗಳ ದಾಯಾದಿಗಳು ಮೈದಾನದಲ್ಲಿ ಮೊದಲ ಬಾರಿ ಪರಸ್ಪರ ಪರಿಚಯವಾಗುವುದುಂಟು.

ಆದರೆ ಇವೆಲ್ಲವುಗಳಲ್ಲಿ ಒಂದು ಕೊರತೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಒಕ್ಕವು ತಂದೆಯ ಕಡೆಯಿಂದ ಸಾಗುವುದರಿಂದ, ನಾನು ನೋಡಿದ ಹೆಚ್ಚಿನ ವಂಶವೃಕ್ಷಗಳಲ್ಲಿ ಮಗಳ ಹೆಸರಿಲ್ಲ, ಸೊಸೆ ಎಲ್ಲಿಂದ ಬಂದಳೆಂಬ ವಿವರವಿಲ್ಲ. ನಮ್ಮ ಮದುವೆಗಳಲ್ಲಿ ಎರಡು ಕಡೆಯ ಪರವಾಗಿ ಮಾತಾಡುವ ‘ಅರುವ’ರು ಎದುರುಬದುರು ನಿಂತು, ವಧುವಿನ ಹಕ್ಕನ್ನು ಸಣ್ಣ ಕಲ್ಲುಗಳ ರೂಪದಲ್ಲಿ ಒಂದು ಒಕ್ಕದಿಂದ ಇನ್ನೊಂದು ಒಕ್ಕಕ್ಕೆ ಒಪ್ಪಿಸುತ್ತಾರೆ. ಅಷ್ಟು ಜೋಪಾನವಾಗಿ ಕಲ್ಲೆಣಿಸಿ ಒಪ್ಪಿಸಿದ ಸಂಬಂಧವನ್ನು ಬರೆಹದಲ್ಲಿ ಕೈಬಿಡುವುದು ನ್ಯಾಯವಲ್ಲ. ಕೊಡವ ತಕ್ಕಿನಲ್ಲಿ, ಅಂದರೆ ನಮ್ಮ ನುಡಿಯಲ್ಲಿ, ಹೆತ್ತವಳು ಅವ್ವ, ಅಜ್ಜಿಯೇ ತಾಯಿ. ಆ ತಾಯಿಯ ತವರು ಯಾವ ನಾಡಿನಲ್ಲಿದೆ ಎಂದು ಕೇಳಿದರೆ ಎಷ್ಟು ಮೊಮ್ಮಕ್ಕಳು ಹೇಳಬಲ್ಲರು?

ಕಳೆದ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ನನ್ನ ಅವ್ವನನ್ನು ಅವಳ ತವರಿನ ಐನ್‌ಮನೆಗೆ ಕರೆದುಕೊಂಡು ಹೋಗಿದ್ದೆ. ಒಕ್ಕದ ಹಿರಿಯರಾದ ಪಟ್ಟೆದಾರರು ಕೋವಿಗಳಿಗೆ ಪೂಜೆ ಮುಗಿಸಿ, ಅಚ್ಚಾದ ವಂಶವೃಕ್ಷವನ್ನು ನಮ್ಮೆದುರು ಹರಡಿದರು. ಅಣ್ಣತಮ್ಮಂದಿರ ಹೆಸರುಗಳನ್ನು ಬೆರಳಿಟ್ಟು ಓದುತ್ತಾ ಹೋದ ಅವ್ವ ತನ್ನ ಹೆಸರು ಬರಬೇಕಾದಲ್ಲಿ ಸುಮ್ಮನಾದಳು. ಪಟ್ಟೆದಾರರು ಒಳಗೆ ಹೋಗಿ ಪೆನ್ಸಿಲ್ ತಂದರು. ಸಂಜೆಯವರೆಗೆ ಅವ್ವ ಹೇಳುತ್ತಾ ಹೋದಳು, ಅವರು ಅಂಚಿನಲ್ಲಿ ಬರೆಯುತ್ತಾ ಹೋದರು: ಅವಳ ಹೆಸರು, ಅಕ್ಕತಂಗಿಯರ ಹೆಸರು, ಅತ್ತೆಯಂದಿರ ಹೆಸರು, ಪ್ರತಿಯೊಬ್ಬಳೂ ಸೇರಿದ ಮನೆಯ ಹೆಸರು. ನಮಸ್ಕಾರ.